ಅಂಚೆಕಾರ್ಡಿನ ಕಾಲ: ವೀಕ್ಷಣೆಯಿಂದ ತೀರ್ಮಾನಕ್ಕೆ

ದೇವಿಕೊಪ್ಪದ ಶಾಲೆಯಲ್ಲಿ 8ನೇ ತರಗತಿಗೆ ವಿಜ್ಞಾನದ ‘ವೀಕ್ಷಣೆ ಮತ್ತು ತೀರ್ಮಾನ’ ಕುರಿತು ನಾನು ಮಾಡಿದ ಪಾಠದ ಅನುಭವವಿದು.

ಬೋಧನೋಪಕರಣ: ನಮ್ಮ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕ ಹಳೆಯ ಚಿತ್ರ ಅಂಚೆಕಾರ್ಡು. ಒಂದು ಬದಿ ಮೈಸೂರಿನ ದೊಡ್ಡ ಗಡಿಯಾರ ವೃತ್ತ. ಇನ್ನೊಂದು ಬದಿ ವಿಳಾಸ ಮತ್ತು ಆರನೇ ಜಾರ್ಜ್ ದೊರೆಯ ಅಂಚೆಚೀಟಿ. ಅಂಚೆ ಮುದ್ರೆಯ ಇಸವಿ ಮಾಸಿಹೋಗಿದೆ.

ಉದ್ದೇಶ: ಚಿತ್ರ ತೆಗೆದ ಕಾಲವನ್ನು ಸಾಕ್ಷ್ಯಾಧಾರದಿಂದ ಊಹಿಸುವುದು.

ಮಕ್ಕಳು ಗುಂಪಿನಲ್ಲಿ ಗೋಪುರ, ಟಾಂಗಾ, ಸೈಕಲ್ ಎಂದು ಪಟ್ಟಿ ಮಾಡಿದರು. ನಾನು ಎರಡು ಮಾಹಿತಿ ಕೊಟ್ಟೆ. 75 ಅಡಿ ಎತ್ತರದ ಈ ಗೋಪುರವನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದರು. ಆರನೇ ಜಾರ್ಜ್ ಪಟ್ಟಕ್ಕೆ ಬಂದದ್ದು 1936ರ ಡಿಸೆಂಬರಿನಲ್ಲಿ. ಪಾಠಯೋಜನೆಯಲ್ಲಿದ್ದಂತೆ ‘ಚಿತ್ರ 1936ರ ನಂತರದ್ದು’ ಎಂದು ಕರಿಹಲಗೆಯ ಮೇಲೆ ಬರೆದೆ.

ಹಿಂದಿನ ಸಾಲಿನ ಹುಡುಗಿ ಎದ್ದು ಕೇಳಿದಳು: “ಸರ್, ಕಾರ್ಡ್ ಮೊದಲ ತಗೊಂಡಿಟ್ಟು, ಭಾಳ ವರ್ಷ ಆದಮ್ಯಾಲೆ ಟಪಾಲಿಗೆ ಹಾಕಿದ್ರ ಹೆಂಗ್ರೀ?”

ಟಿಪ್ಪಣಿ ಬರೆಯುತ್ತಿದ್ದ ಮಾರ್ಗದರ್ಶಕರ ಎದುರು ಕ್ಷಣಕಾಲ ಮುಜುಗರವಾಯಿತು. ಆದರೆ ಅವಳು ಹೇಳಿದ್ದೇ ಸರಿ. ಅಂಚೆಚೀಟಿ ತಿಳಿಸುವುದು ಕಾರ್ಡು ಕಳಿಸಿದ ಕಾಲವನ್ನು, ಚಿತ್ರ ತೆಗೆದ ಕಾಲವನ್ನಲ್ಲ. ಚಿತ್ರಕ್ಕೆ ಗೋಪುರವೇ ಸಾಕ್ಷಿ. ನನ್ನ ವಾಕ್ಯ ಅಳಿಸಿ, ಅವಳಿಂದಲೇ ಬರೆಸಿದೆ: ‘ಚಿತ್ರ 1927ಕ್ಕಿಂತ ಹಿಂದಿನದಲ್ಲ. ಕಾರ್ಡು ಅಂಚೆಗೆ ಬಿದ್ದದ್ದು 1936ರ ಡಿಸೆಂಬರ್‌ಗಿಂತ ಮೊದಲಲ್ಲ.’

ಆತ್ಮಾವಲೋಕನ: ನಾನು ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಸಾಕ್ಷ್ಯವನ್ನು ಅದಕ್ಕೆ ಹೊಂದಿಸಿದ್ದೆ. ಈಗ ಪಾಠಯೋಜನೆಯ ‘ನಿರೀಕ್ಷಿತ ಉತ್ತರ’ದ ಪಕ್ಕದಲ್ಲಿ ಇನ್ನೊಂದು ಅಂಕಣ ಹಾಕಿಕೊಂಡಿದ್ದೇನೆ: ‘ಈ ಸಾಕ್ಷ್ಯ ಯಾವುದನ್ನು ಹೇಳುವುದಿಲ್ಲ?’