ಟಯರಿನ ಮೇಲಿನ ಲೆಕ್ಕ

ಬೈಕಿನ ಟಯರಿನ ಮೇಲೆ ಅಂಕಿಗಳು ಇರುತ್ತವೆ. ಅವು ಏನು ಅಂತ ನಿಮಗೆ ಗೊತ್ತೇ? ಹಳೇ ಬುಲೆಟ್ 350ರ ಹಿಂದಿನ ಟಯರು 3.25-19. ಇದರಲ್ಲಿ 3.25 ಎಂದರೆ ಟಯರಿನ ಅಗಲ, 19 ಎಂದರೆ ರಿಮ್ಮಿನ ವ್ಯಾಸ. ಎರಡೂ ಇಂಚಿನಲ್ಲಿ. 1 ಇಂಚಿಗೆ 25.4 ಮಿ.ಮೀ. ಆದ್ದರಿಂದ ಅಗಲ ಸುಮಾರು 83 ಮಿ.ಮೀ.

ನಮ್ಮ ಸೋದರಮಾವ ಇಂಥ ಬುಲೆಟ್ಟಿಗೆ ಹ್ಯಾಂಡಲ್, ಸೀಟು ಎಲ್ಲಾ ಬೇರೆ ಹಾಕಿಸಿದ್ದಾರೆ. ಈಗ ಹಿಂದಕ್ಕೆ 130/80-17 ದಪ್ಪ ಟಯರು ಬೇಕಂತೆ. ಇದರ ಅಗಲ 130 ಮಿ.ಮೀ. ಟಯರಿನ ಎತ್ತರ ಅಗಲದ ಶೇಕಡ 80. ರಿಮ್ಮು 17 ಇಂಚು, ಅಂದರೆ ರಿಮ್ಮೂ ಬೇರೆ ಆಗಬೇಕು. ಆ ಗಾಡಿಯಲ್ಲಿ ಹಿಂದೆ ಕೂರೋರು ಅತ್ತೆ ಮತ್ತು ಪಾಪು. ಅದಕ್ಕೇ ನಾನು ಲೆಕ್ಕ ಮಾಡಿದೆ.

130 − 83 = 47 ಮಿ.ಮೀ.
47 ÷ 2 = 23.5 ಮಿ.ಮೀ. (ಒಂದೊಂದು ಪಕ್ಕಕ್ಕೆ)

ಸ್ಕೇಲು ಹಿಡಿದು ಅಳೆದರೆ ಟಯರಿಗೂ ಚೈನಿಗೂ ನಡುವೆ ಸಂದು 14 ಮಿ.ಮೀ. ಮಾತ್ರ! ಚೈನು ಟಯರನ್ನು ಉಜ್ಜಿ ಕುಯ್ಯುತ್ತದೆ. ಚಕ್ರವನ್ನೇ ಪಕ್ಕಕ್ಕೆ ಸರಿಸಿದರೆ ಎರಡು ಚಕ್ರಗಳು ಒಂದೇ ಸಾಲಿನಲ್ಲಿ ಇರೋದಿಲ್ಲ, ಗಾಡಿ ಒಂದು ಕಡೆಗೆ ಎಳೆಯುತ್ತದೆ.

3.50-19 ಟಯರು ಸುಮಾರು 89 ಮಿ.ಮೀ. ಪಕ್ಕಕ್ಕೆ 3 ಮಿ.ಮೀ. ಮಾತ್ರ ಹೆಚ್ಚು, ರಿಮ್ಮಿನ ವ್ಯಾಸವೂ ಅದೇ. ಇದನ್ನು ಬರೆದು ಮಾವನ ಕೈಗೆ ಕೊಟ್ಟಿದ್ದೇನೆ.

ನಿಮ್ಮ ಮನೇಲೂ ಚಕ್ರ ಬದಲಿಸೋದಾದರೆ ಮೊದಲು ಚೈನು, ಮಡ್‌ಗಾರ್ಡು, ಕಬ್ಬಿಣದ ತೋಳು, ಈ ಮೂರರ ಹತ್ತಿರ ಸಂದು ಅಳೆಯಿರಿ. ಅಂದ ಆಮೇಲೆ ನೋಡೋಣ.

– 7ನೇ ತರಗತಿ