ಒಂದೇ ಕ್ರಿಯಾಪದ, ಹಲವು ಅರ್ಥ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟವನು ಬಸ್ಸು ‘ಹಿಡಿಯುತ್ತಾನೆ’. ಪ್ರಯಾಣಕ್ಕೆ ಸಮಯ ‘ಹಿಡಿಯುತ್ತದೆ’. ಮುಂಗಾರಿನಲ್ಲಿ ಜಿಟಿಜಿಟಿ ಮಳೆ ‘ಹಿಡಿಯುತ್ತದೆ’. ಹೊರಗಿಟ್ಟ ಕುಡುಗೋಲಿಗೆ ತುಕ್ಕು ‘ಹಿಡಿಯುತ್ತದೆ’. ಈ ಅರ್ಥಭೇದಗಳನ್ನು ಕನ್ನಡದ ಮಕ್ಕಳು ಯಾರಿಂದಲೂ ಪಾಠ ಹೇಳಿಸಿಕೊಳ್ಳದೆಯೇ ಅರಿತಿರುತ್ತಾರೆ.

ಇಂಗ್ಲಿಷಿನ ‘ಟೇಕ್’ ಎಂಬ ಕ್ರಿಯಾಪದವೂ ಇಂಥದೇ. ‘ತೆಗೆದುಕೊಳ್ಳು’ ಎಂಬ ಒಂದೇ ಅರ್ಥವನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಯು ‘ಟೇಕ್ ಎ ಬಸ್’ ಎಂದಲ್ಲಿ ಬಸ್ಸನ್ನೇ ತೆಗೆದುಕೊಂಡು ನಗೆಗೀಡಾಗುತ್ತಾನೆ. ಅಲ್ಲಿ ಬಸ್ಸು ಹಿಡಿಯಬೇಕು; ‘ಟೇಕ್ ಎ ಬಾತ್’ ಎಂದಲ್ಲಿ ಸ್ನಾನ ಮಾಡಬೇಕು.

1853ರಲ್ಲಿ ಭಾರತಕ್ಕೆ ಬಂದ ಜರ್ಮನ್ ವಿದ್ವಾಂಸ ಫರ್ಡಿನಾಂಡ್ ಕಿಟ್ಟೆಲರು ಕನ್ನಡವನ್ನು ಪರಭಾಷೆಯಾಗಿ ಕಲಿತರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ನಿಘಂಟು ಪದದ ಅರ್ಥಗಳನ್ನು ಮುಂದಿಡುತ್ತದೆ. ತಕ್ಕುದನ್ನು ಆರಿಸಿಕೊಡುವುದು ವಾಕ್ಯವೇ. ಪದವನ್ನು ಅದರ ನೆರೆಯ ಪದಗಳೊಡನೆ ಕಲಿತವನಿಗೆ ಭಾಷೆ ವಶವಾಗುತ್ತದೆ.