ಕಾಡು ಮತ್ತು ಗ್ರಾಮಸಭೆ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ತಾಲ್ಲೂಕುಗಳು. ಇಲ್ಲಿ ಬಹುಕಾಲದಿಂದ ಕಾಡನ್ನು ಆಶ್ರಯಿಸಿ ಬಾಳಿದವರಲ್ಲಿ ಹಸಲರೂ ಸೇರಿದ್ದಾರೆ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಈ ಸಮುದಾಯದ ಹೆಸರಿದೆ. ಅಡಕೆ ತೋಟಗಳಲ್ಲಿ ಕೂಲಿ ಮಾಡುವುದರ ಜೊತೆಗೆ ಜೇನು, ಸೀಗೆಕಾಯಿ, ಉಪ್ಪಾಗೆ ಮೊದಲಾದವುಗಳನ್ನು ಸಂಗ್ರಹಿಸುವುದು ಇವರ ಜೀವನೋಪಾಯ.

ಇವುಗಳಲ್ಲಿ ಉಪ್ಪಾಗೆಯ ಕಥೆ ವಿಚಾರಯೋಗ್ಯವಾದುದು. ಇದರ ಹಣ್ಣು ಮಾಗುವುದು ಮಳೆಗಾಲದಲ್ಲಿ. ಒಣಗಿಸಿದ ಸಿಪ್ಪೆಯನ್ನು ಅಡುಗೆಯಲ್ಲಿ ಹುಳಿಗಾಗಿ ಬಳಸುತ್ತಾರೆ. ಬೀಜದಿಂದ ತುಪ್ಪ ತೆಗೆಯುತ್ತಾರೆ. ದೇಹದ ತೂಕವನ್ನು ಇಳಿಸುವುವೆಂದು ಹೇಳಲಾದ ಗುಳಿಗೆಗಳ ತಯಾರಿಕೆಗಾಗಿ 1990ರ ದಶಕದಲ್ಲಿ ವಿದೇಶಗಳಲ್ಲಿ ಈ ಸಿಪ್ಪೆಗೆ ಬೇಡಿಕೆ ಹೆಚ್ಚಿತು. ಬೆಲೆಯೊಂದಿಗೆ ಪೈಪೋಟಿಯೂ ಬೆಳೆಯಿತು. ತಾನು ಬಿಟ್ಟುದನ್ನು ಇನ್ನೊಬ್ಬನು ಕೊಯ್ಯುವನೆಂಬ ಆತಂಕದಿಂದ ಪಶ್ಚಿಮ ಘಟ್ಟದ ಹಲವೆಡೆ ಎಳೆಯ ಕಾಯಿಗಳನ್ನೇ ಕೊಯ್ದರು, ಕೊಂಬೆಗಳನ್ನು ಕಡಿದರು. ಕೈಗೆ ಹಣವೇನೋ ಬಂದಿತು. ಆದರೆ ಕಡಿದ ಕೊಂಬೆ ಮರುವರ್ಷ ಫಲ ಕೊಡದು. ಬಲಿತ ಬೀಜ ನೆಲಕ್ಕೆ ಬೀಳದಿದ್ದರೆ ಹೊಸ ಸಸಿ ಹುಟ್ಟದು. ಇದಕ್ಕೆ ಕೇವಲ ದುರಾಸೆಯೇ ಕಾರಣವಲ್ಲ. ಕಾಡಿನ ಮೇಲೆ ಹಕ್ಕಿಲ್ಲದವನಿಗೆ ನಾಳಿನ ಭರವಸೆ ಎಲ್ಲಿಂದ ಬರಬೇಕು?

ಆ ಭರವಸೆಯನ್ನು ನೀಡಬಲ್ಲ ಅವಕಾಶ 2006ರ ಅರಣ್ಯ ಹಕ್ಕುಗಳ ಕಾಯ್ದೆಯಲ್ಲಿದೆ. ಇದು ಎರಡು ಬಗೆಯ ಹಕ್ಕುಗಳನ್ನು ಮಾನ್ಯಮಾಡುತ್ತದೆ. ಕುಟುಂಬವೊಂದು ತಾನು ವಾಸಿಸುವ ಅಥವಾ ಸಾಗುವಳಿ ಮಾಡುತ್ತಿರುವ, 4 ಹೆಕ್ಟೇರು ಮೀರದ ಭೂಮಿಗೆ ಹಕ್ಕು ಪಡೆಯಬಹುದು. ಈ ಹಕ್ಕು ಮಕ್ಕಳಿಗೆ ಸಲ್ಲುತ್ತದೆ, ಮಾರಾಟ ಮಾಡುವಂತಿಲ್ಲ. ಎರಡನೆಯದು, ತಲೆಮಾರುಗಳಿಂದ ಬಳಸಿದ ಕಾಡನ್ನು ರಕ್ಷಿಸಿ ನಿರ್ವಹಿಸುವ ಸಾಮುದಾಯಿಕ ಹಕ್ಕು. ಎರಡಕ್ಕೂ ಅರ್ಜಿ ಮೊದಲು ಬರುವುದು ಗ್ರಾಮಸಭೆಗೆ. ಅದು 10ರಿಂದ 15 ಸದಸ್ಯರ ಅರಣ್ಯ ಹಕ್ಕು ಸಮಿತಿಯನ್ನು ಆರಿಸುತ್ತದೆ.

ಮನೆಯ ಅಡಿಯ ನೆಲಕ್ಕೆ ಹಕ್ಕುಪತ್ರವಿಲ್ಲದ ಕುಟುಂಬದ ಕಷ್ಟ ಸಣ್ಣದಲ್ಲ. ಆದುದರಿಂದ ಮೊದಲನೆಯ ಹಕ್ಕಿಗೆ ಜನರು ಆತುರಪಡುವುದು ಸಹಜ. ಸಾಮುದಾಯಿಕ ಹಕ್ಕಿನ ದಾರಿ ದೀರ್ಘವಾದುದು. ಕಾಡಿನ ಎಲ್ಲೆಯನ್ನು ನಡೆದು ಗುರುತಿಸಬೇಕು, ನಕ್ಷೆ ಬರೆಯಬೇಕು, ಹಿರಿಯರ ಹೇಳಿಕೆಗಳನ್ನು ದಾಖಲಿಸಬೇಕು. ಇದರಿಂದ ಒಡನೆಯೇ ಹಣ ದೊರೆಯದು. ಆದರೆ ಇದನ್ನು ಕೈಬಿಟ್ಟರೆ ಮನೆ ಉಳಿದೀತು, ಮನೆಯನ್ನು ಸಲಹಿದ ಕಾಡು ಉಳಿಯಲಾರದು.

ಕಾಯ್ದೆಯು ಹಕ್ಕಿನೊಡನೆ ಕಾಡನ್ನು ಕಾಯುವ ಹೊಣೆಯನ್ನೂ ಗ್ರಾಮಸಭೆಗೆ ವಹಿಸಿದೆ. ಕೊಯ್ಲು ಎಂದು ಆರಂಭವಾಗಬೇಕು, ಮರದಲ್ಲಿ ಎಷ್ಟು ಹಣ್ಣು ಉಳಿಯಬೇಕು ಎಂಬುದನ್ನು ಊರವರೇ ಕೂಡಿ ನಿರ್ಧರಿಸಿ ಪಾಲಿಸಿದಾಗ, ತಾಳ್ಮೆಯಿಂದ ಕಾದವನಿಗೆ ನಷ್ಟವಾಗದು. ಇಂದಿನ ಗಳಿಕೆಯೂ ನಾಳಿನ ಬಾಳೂ ಹೀಗೆ ಒಂದೇ ನಿರ್ಣಯದಲ್ಲಿ ಕೂಡಿಬರುವುದೇ ಸ್ವಯಮಾಡಳಿತದ ನಿಜವಾದ ಸಾರ್ಥಕತೆ.